ಕಂಪನಿಯ ಹಣ, ಊರಿನ ಕೆರೆ: ಲೆಕ್ಕ ಕೇಳುವುದು ಹೇಗೆ?

ಊರಿಗೆ ಹೋದಾಗ ಕೆರೆ ಏರಿಯ ಮೇಲೆ ಒಂದು ಹೊಸ ಬೋರ್ಡ್ ನೋಡಿರಬಹುದು. ಮೇಲೆ ಕಂಪನಿಯ ಲಾಂಛನ, ಕೆಳಗೆ "ಕೆರೆ ಪುನಶ್ಚೇತನ ಯೋಜನೆ" ಅನ್ನೋ ಅಕ್ಷರ. ಊರವರನ್ನು ಕೇಳಿದರೆ, "ಯಾವುದೋ ಕಂಪನಿಯವರು ಪುಣ್ಯ ಕಟ್ಟಿಕೊಂಡರು" ಅಂತಾರೆ. ಆದರೆ ಆ ಹಣ ಪುಣ್ಯದ ಬಾಬ್ತಲ್ಲ. ಬಹುಪಾಲು ಅದು ಕಾನೂನು ವಿಧಿಸಿದ ಖರ್ಚು. ಈ ವ್ಯತ್ಯಾಸ ಗೊತ್ತಿದ್ದರೆ ಮಾತ್ರ ನಾವು ಲೆಕ್ಕ ಕೇಳಬಹುದು. ದಾನ ಕೊಟ್ಟವರನ್ನು ಲೆಕ್ಕ ಕೇಳೋಕೆ ನಮಗೆ ಸಂಕೋಚ, ಕರ್ತವ್ಯ ಮಾಡುವವರನ್ನು ಕೇಳೋಕೆ ಸಂಕೋಚ ಯಾಕೆ?

ಮೊದಲು ಕಾನೂನು ಏನನ್ನುತ್ತದೆ ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಸಾಕು, ಆ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಸರಾಸರಿ ಲಾಭ 10 ಕೋಟಿ ಇದ್ದರೆ 20 ಲಕ್ಷ. ಇದನ್ನೇ ಸಿಎಸ್‌ಆರ್ ಅನ್ನೋದು. ಯಾವ ಕೆಲಸಕ್ಕೆ ಖರ್ಚು ಮಾಡಬಹುದು ಅಂತ ಕಾಯ್ದೆಯ ಏಳನೇ ಅನುಸೂಚಿ ಪಟ್ಟಿ ಕೊಟ್ಟಿದೆ. ಶುದ್ಧ ಕುಡಿಯುವ ನೀರು, ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆ, ನೀರು ಮಣ್ಣಿನ ಗುಣಮಟ್ಟ ಎಲ್ಲವೂ ಅದರಲ್ಲಿವೆ. ಕೆರೆ ಹೂಳೆತ್ತುವುದು, ಚೆಕ್ ಡ್ಯಾಂ, ಮಳೆನೀರು ಕೊಯ್ಲು ಇದರಡಿ ಬರುತ್ತವೆ. ತನ್ನ ಕಾರ್ಖಾನೆಗೆ ಬೇಕಾದ ನೀರಿಗಾಗಿ ಮಾಡಿಕೊಂಡ ಕೆಲಸ, ತನ್ನ ನೌಕರರಿಗಷ್ಟೇ ಉಪಯೋಗವಾಗುವ ಕೆಲಸ ಬರೋದಿಲ್ಲ.

2021ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಖರ್ಚಾಗದೆ ಉಳಿದ ಹಣವನ್ನು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಯೋಜನೆ ನಡೆಯುತ್ತಿದ್ದರೆ ಅದನ್ನು ಪ್ರತ್ಯೇಕ ಖಾತೆಗೆ ಹಾಕಿ ಮೂರು ವರ್ಷದೊಳಗೆ ಖರ್ಚು ಮಾಡಬೇಕು, ಇಲ್ಲದಿದ್ದರೆ ಸರ್ಕಾರ ಹೆಸರಿಸಿದ ನಿಧಿಗೆ ಕೊಡಬೇಕು. ಇನ್ನೊಂದು ನಿಯಮ ಊರವರಿಗೆ ಬಹಳ ಮುಖ್ಯ: ಈ ಹಣದಿಂದ ಕಟ್ಟಿದ ಆಸ್ತಿ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ಅದು ಸರ್ಕಾರಿ ಸಂಸ್ಥೆ, ನೋಂದಾಯಿತ ಟ್ರಸ್ಟ್ ಅಥವಾ ಸಂಘ, ಇಲ್ಲವೇ ಫಲಾನುಭವಿಗಳ ಸ್ವಸಹಾಯ ಗುಂಪಿನಂಥ ಘಟಕದ ಹೆಸರಲ್ಲಿರಬೇಕು. ಅಂದರೆ ಬೋರ್ಡಿನ ಮೇಲೆ ಯಾರ ಹೆಸರೇ ಇರಲಿ, ಚೆಕ್ ಡ್ಯಾಂ ಕಂಪನಿಯದಲ್ಲ.

ಈಗ ಕೆಲಸದ ಕಡೆ ಬರೋಣ. ಕರ್ನಾಟಕದಲ್ಲೇ ಎರಡು ಉದಾಹರಣೆಗಳಿವೆ. ಬೆಂಗಳೂರು ಬಳಿಯ ಆನೇಕಲ್ ತಾಲೂಕಿನ ಕ್ಯಾಲಸನಹಳ್ಳಿ ಕೆರೆ 36 ಎಕರೆಯದು, ಒಣಗಿ ಹೋಗಿತ್ತು. 2017ರಲ್ಲಿ ಸನ್ಸೇರಾ ಎಂಜಿನಿಯರಿಂಗ್ ಕಂಪನಿಯ ಹಣದಲ್ಲಿ, ಅಲ್ಲೇ ಎಂಜಿನಿಯರ್ ಆಗಿದ್ದ ಆನಂದ್ ಮಲ್ಲಿಗವಾಡ್ ಅವರ ಮುಂದಾಳತ್ವದಲ್ಲಿ ಸುಮಾರು 45 ದಿನಗಳಲ್ಲಿ ಹೂಳೆತ್ತಲಾಯಿತು. ಮಣ್ಣನ್ನು ದೂರ ಸಾಗಿಸದೆ ಏರಿಗೆ, ಹಕ್ಕಿಗಳ ನಡುಗಡ್ಡೆಗೆ ಬಳಸಿದ್ದರಿಂದ ಖರ್ಚು ಒಂದು ಕೋಟಿಗೆ ತುಸು ಹೆಚ್ಚು ಅಷ್ಟೇ ಆಯಿತು. ಮೈಸೂರಿನ ಹೆಬ್ಬಾಳ ಕೆರೆಗೆ ಇನ್ಫೋಸಿಸ್ ಪ್ರತಿಷ್ಠಾನ ತೊಡಗಿಸಿದ್ದು 105 ಕೋಟಿ. ಎಲ್ಲಿಯ ಒಂದು ಕೋಟಿ, ಎಲ್ಲಿಯ ನೂರೈದು ಕೋಟಿ ಅನಿಸಬಹುದು. ಹೆಬ್ಬಾಳದ್ದು ನಗರದ ಕೊಳಚೆ ಸೇರುತ್ತಿದ್ದ ಕೆರೆ, ಅಲ್ಲಿ ಕೊಳಚೆ ಶುದ್ಧೀಕರಣ ಘಟಕವೇ ಬೇಕಾಯಿತು. ಒಣಗಿದ ಕೆರೆಯ ರೋಗ ಬೇರೆ, ಕೊಳೆತ ಕೆರೆಯ ರೋಗ ಬೇರೆ. ಹಾಗಾಗಿ ಎಕರೆಗೆ ಇಷ್ಟು ಅಂತ ಒಂದೇ ದರ ಹಾಕಿ ಹೋಲಿಸಬೇಡಿ.

ಮಹಾರಾಷ್ಟ್ರದಲ್ಲಿರುವ ನಿಮಗೆ ಇನ್ನೊಂದು ಮಾದರಿ ಹತ್ತಿರದಲ್ಲೇ ಇದೆ. 2017ರಲ್ಲಿ ಅಲ್ಲಿನ ಸರ್ಕಾರ ಅಣೆಕಟ್ಟಿನ ಹೂಳನ್ನು ಹೊಲಕ್ಕೆ ಸೇರಿಸುವ "ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ" ಯೋಜನೆ ತಂದಿತು. ಯಂತ್ರ, ಡೀಸೆಲ್ ಖರ್ಚನ್ನು ಸರ್ಕಾರ, ಕಂಪನಿ, ಸಂಸ್ಥೆಗಳು ಹೊರುವುದು, ಹೂಳು ಸಾಗಿಸುವ ಖರ್ಚು ರೈತನದ್ದು ಅನ್ನೋದು ಮೂಲ ಲೆಕ್ಕ. ಹೂಳು ಹೊಲಕ್ಕೆ ಗೊಬ್ಬರ, ಕೆರೆಗೆ ಜಾಗ. ಆದರೆ ಟ್ರಾಕ್ಟರ್ ಬಾಡಿಗೆ ಕೊಡೋಕಾಗದ ಸಣ್ಣ ರೈತನ ಹೊಲಕ್ಕೆ ಆ ಮಣ್ಣು ಹೋಗುತ್ತಾ? ಈ ಪ್ರಶ್ನೆಯನ್ನು ಕೆಲಸ ಶುರುವಾಗುವ ಮೊದಲೇ ಕೇಳಬೇಕು.

ಕಂಪನಿ ವರದಿಯಲ್ಲಿ "ಇಷ್ಟು ಕೋಟಿ ಲೀಟರ್ ನೀರು ಉಳಿಸಿದ್ದೇವೆ" ಅಂತ ಬರೆದಿರುತ್ತದೆ. ಅದನ್ನು ನೀವೇ ಪರೀಕ್ಷಿಸಬಹುದು, ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಲೆಕ್ಕ. ಒಂದು ಘನ ಮೀಟರ್ ಹೂಳು ತೆಗೆದರೆ ಒಂದು ಸಾವಿರ ಲೀಟರ್ ನೀರಿಗೆ ಜಾಗ ಆಗುತ್ತದೆ. ಹತ್ತು ಎಕರೆ ಅಂದರೆ ಸುಮಾರು 40,470 ಚದರ ಮೀಟರ್. ಸರಾಸರಿ ಒಂದು ಮೀಟರ್ ಆಳ ತೆಗೆದರೆ ಸುಮಾರು 4 ಕೋಟಿ ಲೀಟರ್ ಜಾಗ. ಒಂದು ಟ್ರಾಕ್ಟರ್‌ಗೆ ಮೂರು ಘನ ಮೀಟರ್ ಅಂತಿಟ್ಟುಕೊಂಡರೆ 13 ಸಾವಿರಕ್ಕೂ ಹೆಚ್ಚು ಲೋಡ್ ಮಣ್ಣು ಹೊರಗೆ ಹೋಗಿರಬೇಕು. ಊರವರು ನೋಡಿದ್ದು ಬರೀ ಐನೂರು ಲೋಡ್ ಆದರೆ ಬೋರ್ಡಿನ ಅಂಕಿ ಸುಳ್ಳು. ಇನ್ನೂ ಒಂದು ಮಾತು: ಜಾಗ ಆಯಿತು ಅಂದ ಮಾತ್ರಕ್ಕೆ ನೀರು ಬಂತು ಅಂತಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸಿಗೋದು ಒಂದು ಲೀಟರ್. ಆ ನೀರು ಕೆರೆವರೆಗೆ ಹರಿದು ಬರೋಕೆ ಕಾಲುವೆ ತೆರೆದಿರಬೇಕು.

ಇಲ್ಲೇ ಹೆಚ್ಚಿನ ಯೋಜನೆಗಳು ಎಡವುವುದು. ಕೆರೆ ಅಂಗಳದಲ್ಲಿ ಜೆಸಿಬಿ ಓಡಿಸೋದು ಸುಲಭ, ರಾಜಕಾಲುವೆ ಮೇಲಿನ ಒತ್ತುವರಿ ತೆರವು ಮಾಡೋದು ಕಷ್ಟ. ಫೋಟೊದಲ್ಲಿ ಚೆನ್ನಾಗಿ ಕಾಣೋದು ನಡೆದಾಡುವ ಹಾದಿ, ಬೇಲಿ, ದೀಪ. ಕಾಣದೆ ಇರೋದು ತೂಬು, ಕೋಡಿ, ಜಲಾನಯನ. ಬೇಲಿ ಹಾಕಿದ ಮೇಲೆ ಕುರಿಗಾಹಿ ತನ್ನ ಕುರಿಗಳಿಗೆ ನೀರು ಎಲ್ಲಿ ಕುಡಿಸಬೇಕು? ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ಎಲ್ಲಿಗೆ ಹೋಗಬೇಕು? ಅಂತರ್ಜಲ ಸ್ವಲ್ಪ ಮೇಲೆ ಬಂದ ಕೂಡಲೇ ಕೆರೆ ಪಕ್ಕದ ದೊಡ್ಡ ರೈತ ನಾಲ್ಕು ಹೊಸ ಬೋರ್‌ವೆಲ್ ಕೊರೆಸಿದರೆ, ಎಲ್ಲರ ಹೆಸರಲ್ಲಿ ಬಂದ ಹಣದ ನೀರು ಒಬ್ಬನ ಕಬ್ಬಿಗೆ ಹೋಯಿತು ಅಂತಲೇ ಅರ್ಥ. ಎರಡು ಮೂರು ವರ್ಷದ ನಂತರ ಕಂಪನಿ ಬೇರೆ ಯೋಜನೆಗೆ ಹೋಗುತ್ತದೆ. ಗೇಟು ತುಕ್ಕು ಹಿಡಿದರೆ ರಿಪೇರಿ ಯಾರು ಮಾಡಬೇಕು? ಹಿಂದೆ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ, ಅವನಿಗೆ ಊರು ಕಾಳು ಕೊಡುತ್ತಿತ್ತು. ಈಗ ಆ ಕೆಲಸಕ್ಕೆ ಯಾರನ್ನು ನೇಮಿಸುತ್ತೀರಿ, ಸಂಬಳ ಎಲ್ಲಿಂದ ಅಂತ ಮೊದಲೇ ಬರೆದಿಡಬೇಕು.

ಇನ್ನೊಂದು ಅಸಮಾನತೆಯೂ ಇದೆ. ಕಂಪನಿ ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಕಾರ್ಖಾನೆಯ ಹೊಗೆ ಕುಡಿದವರಿಗೆ ಹಣ ಸಿಗಲಿ ಅನ್ನೋ ಆಶಯ ಸರಿ. ಆದರೆ ಕಾರ್ಖಾನೆಯೇ ಇಲ್ಲದ ಊರಿನ ಪಾಡೇನು? ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿರುವ ರಾಯಚೂರು, ಯಾದಗಿರಿಗಳಿಂದ ಎಷ್ಟೋ ಜನ ದುಡಿಮೆಗೆ ಮುಂಬೈ, ಪುಣೆ, ಹೈದರಾಬಾದಿಗೆ ಬರುತ್ತಾರೆ. ಅವರ ಶ್ರಮದಿಂದ ಹುಟ್ಟಿದ ಲಾಭದ ಶೇ. 2 ನಗರದ ಸುತ್ತಮುತ್ತಲೇ ಖರ್ಚಾದರೆ ಅವರ ಊರಿನ ಕೆರೆ ಹಾಗೇ ಉಳಿಯುತ್ತದೆ. ಕಾಯ್ದೆ ಹೇಳೋದು ಆದ್ಯತೆ, ದೂರದ ಊರಿಗೆ ಕೊಡಬಾರದು ಅಂತ ಎಲ್ಲೂ ಹೇಳಿಲ್ಲ. ಬೇಡಿಕೆ ಇಡೋಕೆ ಇದೇ ದಾರಿ.

ಹಾಗಾದರೆ ನೀವೇನು ಮಾಡಬಹುದು? ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರೆ ಅಲ್ಲಿನ ಸಿಎಸ್‌ಆರ್ ನೀತಿಯನ್ನು ಓದಿ, ವೆಬ್‌ಸೈಟಿನಲ್ಲಿ ಅದು ಇರಲೇಬೇಕು. ನಿಮ್ಮ ಸಂಘ ಅಥವಾ ಟ್ರಸ್ಟ್‌ಗೆ ಮೂರು ವರ್ಷದ ಕೆಲಸದ ಅನುಭವ, ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ಸಿಎಸ್‌ಆರ್-1 ನೋಂದಣಿ ಇದ್ದರೆ ಅದೇ ಯೋಜನೆ ಜಾರಿ ಮಾಡಬಹುದು. ಇಲ್ಲದಿದ್ದರೆ ಇರುವ ಸಂಸ್ಥೆಯ ಜೊತೆ ಸೇರಿ. ಅದಕ್ಕೂ ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಸರ್ವೆ ನಕ್ಷೆ ತೆಗೆಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಆ ಸಭೆಗೆ ಕೊಡ ಹೊತ್ತು ನೀರು ತರುವ ಹೆಣ್ಣುಮಕ್ಕಳು, ಭೂಮಿ ಇಲ್ಲದವರು ಬರಲಿ. ಕೆರೆ ಯಾವ ತಿಂಗಳು ಬತ್ತುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಕನ್ಸಲ್ಟೆಂಟ್‌ಗೂ ಗೊತ್ತಿರೋದಿಲ್ಲ.

ಕೆಲಸ ಮುಗಿದ ಮೇಲೆ ಒಂದು ನೋಟ್‌ಬುಕ್ ಇಡಿ. ಊರಿನ ನಾಲ್ಕು ಬಾವಿಗಳ ನೀರಿನ ಮಟ್ಟವನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಹಗ್ಗ ಇಳಿಬಿಟ್ಟು ಅಳೆದು ಬರೆಯಿರಿ. ಶಾಲಾ ಮಕ್ಕಳೇ ಮಾಡಬಹುದಾದ ಕೆಲಸ ಇದು. ಐದು ವರ್ಷದ ಆ ನೋಟ್‌ಬುಕ್ಕನ್ನು ಕಂಪನಿಯ ಬಣ್ಣದ ವರದಿಯ ಪಕ್ಕದಲ್ಲಿಟ್ಟು ನೋಡಿ, ಖರ್ಚಾದ ಹಣ ನೀರಾಯಿತೋ ಇಲ್ಲವೋ ಅಂತ ನಿಮಗೇ ಗೊತ್ತಾಗುತ್ತದೆ.