ಹೊಲಿಗೆ ಯಂತ್ರದ ಮುನಿಸು: ತಪ್ಪು ಯಾರದು?



ಕೊಳೆರೋಗ, ಕಾಯಿಕೊರಕ, ಗೊಬ್ಬರದ ದಾಸ್ತಾನು ಇವುಗಳ ನಡುವೆ ಈ ಪತ್ರಿಕೆಯಲ್ಲಿ ಹೊಲಿಗೆ ಯಂತ್ರದ ಮಾತು ಏಕೆ ಬಂತು ಎಂದು ತಾವು ಹುಬ್ಬೇರಿಸಬಹುದು. ಕಾರಣವಿದೆ. ತೋಟದ ಲೆಕ್ಕ ಬರೆಯುವಾಗ ನಾವು ಪಂಪ್‌ಸೆಟ್, ಸ್ಪ್ರೇಯರ್, ಪಲ್ಪರ್ ಎಲ್ಲವನ್ನೂ ಆಸ್ತಿಯ ಪಟ್ಟಿಯಲ್ಲಿ ಸೇರಿಸುತ್ತೇವೆ. ಜಗಲಿಯ ಮೂಲೆಯಲ್ಲಿ ಹಳೆಯ ಪಂಚೆ ಹೊದ್ದು ನಿಂತಿರುವ ಹೊಲಿಗೆ ಯಂತ್ರವನ್ನು ಮಾತ್ರ ಯಾರೂ ಸೇರಿಸುವುದಿಲ್ಲ. ನಾವೂ ಸೇರಿಸಿರಲಿಲ್ಲ. ಆ ತಪ್ಪಿನ ಅರಿವಾದದ್ದು ಕಳೆದ ವರ್ಷ, ಅದೂ ಊರಿನಿಂದ ಬಹು ದೂರದ ಬೆಂಗಳೂರಿನ ಜ್ಞಾನಭಾರತಿಯಲ್ಲಿ.

ನಮ್ಮ ಮನೆಯ ಯಂತ್ರ ಕಾಲಿನಿಂದ ತುಳಿಯುವ ಹಳೆಯ ಮಾದರಿಯದು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ತವರಿನಿಂದ ತಂದದ್ದು. 2001ರ ಸುಮಾರಿಗೆ ಕಾಫಿ ಬೆಲೆ ಪಾತಾಳಕ್ಕಿಳಿದ ದಿನಗಳು ಹಿರಿಯ ಸದಸ್ಯರಿಗೆ ಮರೆತಿರಲಾರದು. ಅಡಿಕೆಯೂ ಕೈಕೊಟ್ಟಿತ್ತು. ಕುಯ್ಲಿನ ಕೂಲಿ ಕೊಟ್ಟರೆ ಮಾರಿದ ಹಣ ಅಲ್ಲಿಗಲ್ಲಿಗೆ ಸರಿಹೋಗುತ್ತಿತ್ತು. ಆ ಎರಡು ಮೂರು ವರ್ಷ ನಮ್ಮ ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ತೋಟವಲ್ಲ, ಈ ಯಂತ್ರ. ಅಕ್ಕಪಕ್ಕದ ಹತ್ತು ಮನೆಗಳ ಶಾಲಾ ಸಮವಸ್ತ್ರ, ರವಿಕೆ, ಲಂಗ ಎಲ್ಲವೂ ನಮ್ಮ ಜಗಲಿಯಲ್ಲೇ ಹೊಲಿದು ಹೋಗುತ್ತಿದ್ದವು. ಬೆಲೆ ಚೇತರಿಸಿಕೊಂಡ ಮೇಲೆ ನಾವು ಆ ಉಪಕಾರವನ್ನು ಮರೆತೆವು.

ನಾಲ್ಕೈದು ವರ್ಷಗಳ ಹಿಂದೆ ಒಂದು ಮಳೆಗಾಲ ಕಳೆದ ಮೇಲೆ "ಯಂತ್ರ ಭಾರವಾಗಿದೆ, ಕೆಳಗಡೆ ದಾರ ಗಂಟು ಕಟ್ಟುತ್ತದೆ" ಎಂದು ಮನೆಯವರು ಹೇಳಿದರು. ನಾವು ಪದವೀಧರರು, ಸ್ಪ್ರೇಯರ್ ಬಿಚ್ಚಿ ಜೋಡಿಸಬಲ್ಲವರು. ಬಚ್ಚಲಿನ ಗೂಡಿನಿಂದ ತೆಂಗಿನೆಣ್ಣೆಯ ಬಾಟಲಿ ತಂದು ಕಂಡ ತೂತಿಗೆಲ್ಲ ಧಾರಾಳವಾಗಿ ಸುರಿದೆವು. ಬೆಲ್ಟ್ ಜಾರುತ್ತಿದೆಯೆಂದು ಅದನ್ನು ಕತ್ತರಿಸಿ ಬಿಗಿ ಮಾಡಿದೆವು. ಕಂಡ ಸ್ಕ್ರೂಗಳನ್ನೂ ಒಂದೊಂದು ಸುತ್ತು ತಿರುಗಿಸಿದೆವು. ಎರಡು ದಿನ ಓಡಿತು, ಮೂರನೆಯ ದಿನ ನಿಂತಿತು. "ಇದಕ್ಕೆ ವಯಸ್ಸಾಯಿತು, ಬಿಡು" ಎಂದು ತೀರ್ಪು ಕೊಟ್ಟು ತೋಟಕ್ಕೆ ಹೋದೆವು. ಅಂದಿನಿಂದ ಮನೆಯವರು ತಮ್ಮ ರವಿಕೆಯನ್ನೂ ಪೇಟೆಯ ಟೈಲರಿಗೆ ಕೊಡುತ್ತಿದ್ದರು. ಅದು ನಮ್ಮ ಗಮನಕ್ಕೇ ಬಂದಿರಲಿಲ್ಲ.

ಕಳೆದ ವರ್ಷ ಮಗಳು ಜ್ಞಾನಭಾರತಿಯ ಹತ್ತಿರ ಬಾಡಿಗೆ ಮನೆ ಹಿಡಿದಳು. "ಗುಜರಿಗೆ ಹಾಕುವ ಮುಂಚೆ ಇಲ್ಲಿಗೆ ತನ್ನಿ, ನಮ್ಮ ಬೀದಿಯಲ್ಲಿ ಮೆಷಿನ್ ರಿಪೇರಿ ಮಾಡುವವರೊಬ್ಬರಿದ್ದಾರೆ" ಎಂದಳು. ಸ್ಟ್ಯಾಂಡನ್ನು ಮನೆಯಲ್ಲೇ ಬಿಟ್ಟು, ಹಿಂಬದಿಯ ಎರಡು ಸ್ಕ್ರೂ ಸಡಿಲಿಸಿ, ಯಂತ್ರದ ತಲೆಭಾಗವನ್ನಷ್ಟೇ ಗೋಣಿಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹತ್ತಿದೆವು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಹಿಡಿದೆವು. ಮೈಸೂರು ರಸ್ತೆಯಿಂದ ಕೆಂಗೇರಿಯವರೆಗಿನ ಮಾರ್ಗ 2021ರ ಆಗಸ್ಟ್‌ನಲ್ಲಿ ಆರಂಭವಾದ ಮೇಲೆ ಜ್ಞಾನಭಾರತಿಗೆ ಹೋಗುವುದು ಸಲೀಸು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ ಮುಂದೆ ತನ್ನ ದೊಡ್ಡ ಆವರಣಕ್ಕೆ ಇಟ್ಟ ಹೆಸರೇ ಇಂದು ಸುತ್ತಲಿನ ಬಡಾವಣೆಗಳಿಗೂ ಹಬ್ಬಿದೆ. ವಿದ್ಯೆಯ ಹೆಸರು ಹೊತ್ತ ಆ ಜಾಗದಲ್ಲಿ ನಮಗೂ ಒಂದು ಪಾಠ ಕಾದಿತ್ತು.

ರಿಪೇರಿಯವರು ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಬಹುಕಾಲ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಗೋಣಿ ಬಿಚ್ಚಿದೊಡನೆ ಸ್ಕ್ರೂಡ್ರೈವರ್ ಎತ್ತಲಿಲ್ಲ. ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಬೆರಳನ್ನು ಮೂಗಿನ ಬಳಿ ಹಿಡಿದು, "ಕೊನೆಯಲ್ಲಿ ಎಣ್ಣೆ ಹಾಕಿದವರು ಯಾರು?" ಎಂದರು. ನಮ್ಮ ಮನೆಯವರು ಮಾತಾಡಲಿಲ್ಲ, ನಮ್ಮ ಕಡೆ ನೋಡಿದರು ಅಷ್ಟೆ. "ನಾವೇ" ಎಂದೆವು.

ಮುಂದಿನ ಒಂದು ಗಂಟೆಯಲ್ಲಿ ಅವರು ತೋರಿಸಿಕೊಟ್ಟದ್ದನ್ನೂ, ಊರಿಗೆ ಬಂದ ಮೇಲೆ ನಾವೇ ಮಾಡಿ ನೋಡಿದ್ದನ್ನೂ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ. ಅವರ ಮಾತಿನ ಸಾರ ಇಷ್ಟು: ಯಂತ್ರ ಮುನಿಸಿಕೊಳ್ಳುವುದಿಲ್ಲ. ಬಹುಪಾಲು ತೊಂದರೆ ಸೂಜಿ, ದಾರ, ಕಸ, ಎಣ್ಣೆ ಈ ನಾಲ್ಕರಲ್ಲೇ ಇರುತ್ತದೆ. ಈ ನಾಲ್ಕನ್ನು ನೋಡದೆ ಸ್ಕ್ರೂಗೆ ಕೈ ಹಾಕಬಾರದು.

ಸೂಜಿ

ಮೊದಲು ಸೂಜಿ ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡಬೇಕು. ತುದಿ ಕುಣಿದರೆ ಸೂಜಿ ಬಾಗಿದೆ, ಎಸೆಯಿರಿ. ನಮ್ಮದು ಬಾಗಿತ್ತು. ಹೊಲಿಗೆ ನಡುನಡುವೆ ಬಿಟ್ಟುಹೋಗಲು ಇದೇ ಮುಖ್ಯ ಕಾರಣ. ಹೊಸ ಸೂಜಿಯನ್ನು ಮೇಲಕ್ಕೆ ತಾಗುವವರೆಗೆ ಏರಿಸಿ ಬಿಗಿಯಬೇಕು. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ಗಾಡಿ ಇರುತ್ತದೆ, ದಾರವನ್ನು ಆ ಬದಿಯಿಂದಲೇ ಪೋಣಿಸಬೇಕು. ತಿರುವುಮುರುವಾಗಿ ಹಾಕಿದರೆ ಷಟಲಿಗೆ ದಾರ ಸಿಗುವುದೇ ಇಲ್ಲ. ತೆಳು ಬಟ್ಟೆಗೆ 11, ಸಾಧಾರಣ ಹತ್ತಿ ಬಟ್ಟೆಗೆ 14, ದಪ್ಪ ಬಟ್ಟೆಗೆ 16, ಇನ್ನೂ ದಪ್ಪಕ್ಕೆ 18ನೆಯ ನಂಬರಿನ ಸೂಜಿ. ರವಿಕೆ ಹೊಲಿದ ಸೂಜಿಯಲ್ಲೇ ಪರದೆಯ ಬಟ್ಟೆ ಹೊಲಿಯಹೋಗಿ ಸೂಜಿ ಮುರಿದರೆ ಅದು ಯಂತ್ರದ ದೋಷವಲ್ಲ.

ದಾರ

ಮಲೆನಾಡಿನ ಶೀತಕ್ಕೆ ಹತ್ತಿ ದಾರ ಡಬ್ಬಿಯಲ್ಲೇ ಲಡ್ಡಾಗುತ್ತದೆ. ಒಂದು ಗೇಣು ಎಳೆದು ಜಗ್ಗಿ ನೋಡಿ, ಸುಲಭವಾಗಿ ಹರಿದರೆ ಆ ಉಂಡೆಯನ್ನು ಗುಂಡಿ ಹಾಕಲು ಸಹ ಬಳಸಬೇಡಿ.

ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟಿದಂತೆ ಗಂಟಾದರೆ ಎಲ್ಲರೂ ಬಾಬಿನ್ನನ್ನು ಬಯ್ಯುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆ ಒತ್ತುವ ಫುಟ್ಟನ್ನು ಕೆಳಗಿಳಿಸಿಕೊಂಡು ದಾರ ಪೋಣಿಸಿದರೆ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಆದ್ದರಿಂದ ಫುಟ್ ಎತ್ತಿಯೇ ದಾರ ಪೋಣಿಸಬೇಕು. ಹೊಲಿಗೆ ಆರಂಭಿಸುವಾಗ ಮೇಲಿನ ಮತ್ತು ಕೆಳಗಿನ ಎರಡು ದಾರಗಳ ತುದಿಯನ್ನೂ ಹಿಂದಕ್ಕೆ ಹಿಡಿದುಕೊಂಡರೆ ಅರ್ಧ ಗಂಟುಗಳು ತಪ್ಪುತ್ತವೆ. ಗಂಟು ಬಟ್ಟೆಯ ಮೇಲ್ಭಾಗದಲ್ಲಿ ಕಂಡರೆ ಮಾತ್ರ ಮೇಲಿನ ಬಿಗಿ ಹೆಚ್ಚಾಯಿತು, ಇಲ್ಲವೇ ಬಾಬಿನ್ ಸಡಿಲವಾಯಿತು ಎಂದು ತಿಳಿಯಬೇಕು.

ಬಾಬಿನ್ ಕೇಸಿನ ಬಿಗಿ ನೋಡಲು ಸುಲಭದ ಉಪಾಯವಿದೆ. ದಾರದ ತುದಿ ಹಿಡಿದು ಕೇಸನ್ನು ತೂಗಬಿಡಿ. ಅದು ತಾನಾಗಿ ಜಾರಬಾರದು, ಕೈ ಸ್ವಲ್ಪ ಜಗ್ಗಿದರೆ ಎರಡು ಬೆರಳು ಇಳಿದು ನಿಲ್ಲಬೇಕು. ಹೆಚ್ಚುಕಡಿಮೆ ಇದ್ದರೆ ಅದರ ಸಣ್ಣ ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಕೂಡದು.

ಕಸ

ಸೂಜಿಯ ಕೆಳಗಿನ ತಟ್ಟೆ ಬಿಚ್ಚಿದಾಗ ಬಟ್ಟೆ ದೂಡುವ ಹಲ್ಲುಗಳ ಸಂದಿನಲ್ಲಿ ಕಂಬಳಿಯ ತುಂಡಿನಂತೆ ನಾರು ಗಟ್ಟಿಯಾಗಿತ್ತು. ಬಟ್ಟೆ ಮುಂದೆ ಸರಿಯದಿರಲು ಇದೇ ಕಾರಣ. ಹೊಲಿಗೆಯ ಉದ್ದದ ಸ್ಕ್ರೂ ಸೊನ್ನೆಯಲ್ಲಿದ್ದರೂ ಬಟ್ಟೆ ಸರಿಯುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಷಟಲ್ ತಿರುಗುವ ಹಾದಿಯಲ್ಲಿ ಒಂದೆಳೆ ದಾರ ಸಿಕ್ಕಿದ್ದರೂ ಯಂತ್ರ ಭಾರವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಇದಕ್ಕೆಂದೇ ಮೀಸಲಿಡಿ. ಬಾಯಿಂದ ಊದಬೇಡಿ, ಉಸಿರಿನ ತೇವದಿಂದ ತುಕ್ಕು ಹಿಡಿಯುತ್ತದೆ.

ಎಣ್ಣೆ

ಇದು ನಮ್ಮ ಪಾಪದ ಅಧ್ಯಾಯ. ಧನುರ್ಮಾಸದ ಬೆಳಗಿನಲ್ಲಿ ತೆಂಗಿನೆಣ್ಣೆಯ ಬಾಟಲಿ ಬೆಣ್ಣೆಯಂತೆ ಹೆಪ್ಪುಗಟ್ಟುವುದನ್ನು ತಾವು ಕಂಡಿದ್ದೀರಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದರ ಗುಣವೇ ಹಾಗೆ. ಯಂತ್ರದ ಒಳಗೂ ಅದು ಹಾಗೆಯೇ ಹೆಪ್ಪುಗಟ್ಟುತ್ತದೆ. ಕಾಲ ಕಳೆದಂತೆ ಧೂಳು, ನಾರು ಸೇರಿ ಹಲಸಿನ ಅಂಟಿನಂತಾಗುತ್ತದೆ. ಅಡಿಗೆಯ ಯಾವ ಎಣ್ಣೆಯೂ ಆಗದು. ಹೊಲಿಗೆ ಯಂತ್ರಕ್ಕೆಂದೇ ಸಿಗುವ ತಿಳಿಯಾದ ಖನಿಜ ಎಣ್ಣೆ ಮಾತ್ರ ಹಾಕಬೇಕು, ಅದೂ ತೂತಿಗೆ ಒಂದೆರಡು ತೊಟ್ಟು. ಸ್ಟ್ಯಾಂಡಿನ ತುಳಿಯುವ ಹಲಗೆಯ ಕೀಲುಗಳಿಗೂ ಹಾಕಲು ಮರೆಯಬಾರದು.

ಹಳೆಯ ಜಿಡ್ಡು ಬಿಡಿಸಲು ಅವರು ತೂತುಗಳಿಗೆ ಸೀಮೆಎಣ್ಣೆಯ ಕೆಲವು ತೊಟ್ಟು ಬಿಟ್ಟು, ಸೂಜಿ ಬಾಬಿನ್ ತೆಗೆದು, ಚಕ್ರವನ್ನು ಕೆಲವು ನಿಮಿಷ ತಿರುಗಿಸಿ, ಇಳಿದು ಬಂದ ಕಪ್ಪು ಜಿಡ್ಡನ್ನು ಬಟ್ಟೆಯಿಂದ ಒರೆಸಿದರು. ಮೂರು ಸಲ ಹೀಗೆ ಮಾಡಿದ ಮೇಲೆ ಸರಿಯಾದ ಎಣ್ಣೆ ಹಾಕಿದರು. ಈ ಕೆಲಸವನ್ನು ಒಲೆ, ದೀಪಗಳಿಂದ ದೂರ, ಗಾಳಿಯಾಡುವ ಕಡೆ ಮಾಡಬೇಕು. ಮೋಟಾರ್ ಇರುವ ಯಂತ್ರವಾದರೆ ಪ್ಲಗ್ ತೆಗೆಯಬೇಕು, ಮೋಟಾರಿಗೆ ಸೀಮೆಎಣ್ಣೆ ತಾಗಿಸಕೂಡದು.

ಬೆಲ್ಟಿನ ವಿಷಯವನ್ನೂ ಕೇಳಿದೆವು. ಚರ್ಮದ ಬೆಲ್ಟ್ ಮಳೆಗಾಲದಲ್ಲಿ ಹಿಗ್ಗಿ ಜಾರುತ್ತದೆ. ನಮ್ಮಂತೆ ಅತಿಯಾಗಿ ಬಿಗಿ ಮಾಡಿದರೆ ತುಳಿಯುವುದೇ ಕಷ್ಟವಾಗುತ್ತದೆ. ಜಾರದಷ್ಟು ಬಿಗಿ ಇದ್ದರೆ ಸಾಕು. ಚಕ್ರ ತಿರುಗಿದರೂ ಸೂಜಿ ಅಲ್ಲಾಡದಿದ್ದರೆ, ಬಾಬಿನ್ ಸುತ್ತುವಾಗ ಸಡಿಲಿಸಿದ ನಡುವಿನ ತಿರುಪನ್ನು ಮತ್ತೆ ಬಿಗಿಯಲು ಮರೆತಿದ್ದೇವೆ ಎಂದರ್ಥ. ಇಷ್ಟೆಲ್ಲ ನೋಡಿಯೂ ಸರಿಹೋಗದಿದ್ದರೆ ಆಗ ಮೆಕ್ಯಾನಿಕ್ ಬೇಕು. ಸೂಜಿಗಂಬ ಮತ್ತು ಷಟಲಿನ ಹೊಂದಾಣಿಕೆಯ ಸ್ಕ್ರೂಗಳು ನಮ್ಮ ನಿಮ್ಮ ಕೈಗೆ ತಕ್ಕವಲ್ಲ.

ಒಟ್ಟು ಖರ್ಚು ಒಂದು ಸೂಜಿ, ಒಂದು ಬೆಲ್ಟ್, ಒಂದು ಬಾಟಲಿ ಎಣ್ಣೆ ಮತ್ತು ಅವರ ಕೂಲಿ. ಹೊರಡುವಾಗ ಎಣ್ಣೆಯ ಬಾಟಲಿಯನ್ನು ನಮ್ಮ ಕೈಗೆ ಕೊಡದೆ ಮನೆಯವರ ಕೈಗೆ ಕೊಟ್ಟರು.

ಮನೆಗೂ ತೋಟಕ್ಕೂ ಹೊಲಿಗೆ

1851ರಲ್ಲಿ ಅಮೆರಿಕದ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ನಮ್ಮಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ಉಷಾ ಯಂತ್ರಗಳ ತಯಾರಿಕೆಗೆ ಕೈಹಾಕಿತು. ಯಂತ್ರಗಳ ಹುಚ್ಚನ್ನು ಒಪ್ಪದಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಅದು ಮನುಷ್ಯನ ಶ್ರಮ ಇಳಿಸುತ್ತದೆಯೇ ಹೊರತು ಅವನ ಕೈಯನ್ನು ಕೆಲಸವಿಲ್ಲದಂತೆ ಮಾಡುವುದಿಲ್ಲ ಎಂಬುದು ಅವರ ಭಾವನೆ.

ನಮ್ಮ ತೋಟಗಳಿಗೆ ಈ ಯಂತ್ರದಿಂದ ಆಗುವ ಕೆಲಸ ಕಡಿಮೆಯೇನಲ್ಲ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಸೇರಿಸುವುದು ತಮಗೆ ತಿಳಿದದ್ದೇ. ಸುಣ್ಣದ ಕಲ್ಲು ನಾಜಲಿಗೆ ಸಿಕ್ಕಿ ಅರ್ಧ ದಿನ ಹಾಳಾಗುವುದೂ ತಿಳಿದದ್ದೇ. ಹಳೆಯ ಹತ್ತಿ ಸೀರೆಯನ್ನು ಎರಡು ಪದರ ಮಾಡಿ, ಡ್ರಮ್ಮಿನ ಬಾಯಿಗೆ ಸರಿಯಾಗಿ ಕೂರುವಂತೆ ಚೀಲ ಹೊಲಿದು, ಬಾಯಿಯ ಅಂಚಿನಲ್ಲಿ ಲಾಡಿ ಪೋಣಿಸಿಟ್ಟರೆ ಉತ್ತಮ ಸೋಸುಬಟ್ಟೆಯಾಗುತ್ತದೆ. ಈ ಬಾರಿ ನಾವು ಎರಡು ಮಾಡಿಸಿದ್ದೇವೆ. ಕುಯ್ಲಿನವರು ಸೊಂಟಕ್ಕೆ ಕಟ್ಟುವ ಚೀಲಕ್ಕೆ ದಪ್ಪ ಹತ್ತಿ ಬಟ್ಟೆ ಒಳ್ಳೆಯದು. ಪಟ್ಟಿ ಸೇರುವ ಕಡೆ ಚೌಕಾಕಾರದ ಹೊಲಿಗೆ, ಅದರ ನಡುವೆ ಗುಣಕಾರ ಚಿಹ್ನೆಯಂತೆ ಅಡ್ಡ ಹೊಲಿಗೆ ಹಾಕಿದರೆ ಕಿತ್ತುಹೋಗುವುದಿಲ್ಲ. ಕಾಫಿ, ಮೆಣಸಿನ ಮಾದರಿ ಕಳಿಸುವ ಸಣ್ಣ ಚೀಲಗಳನ್ನು ಉಳಿದ ತುಂಡುಗಳಲ್ಲೇ ಹೊಲಿಯಬಹುದು. ಗೋಣಿಚೀಲವನ್ನು ಮಾತ್ರ ಮನೆಯ ಯಂತ್ರದಡಿ ತುರುಕಬೇಡಿ, ಅದಕ್ಕೆ ದಬ್ಬಳ ಮತ್ತು ಸೆಣಬಿನ ಹುರಿಯೇ ಸರಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಹಳೆಯ ಸೀರೆಗಳಿಂದ ಮಾಡುವ ಚೆಂದದ ಕೌದಿಗಳಿಗೂ ಯಂತ್ರ ಬೇಕಿಲ್ಲ, ಕೈಹೊಲಿಗೆಯೇ ಅವುಗಳ ಹೆಚ್ಚುಗಾರಿಕೆ.

ಹೊಲಿಗೆಯನ್ನೇ ಕಸುಬಾಗಿ ಮಾಡಬಯಸುವವರು ಮನೆಯಲ್ಲಿದ್ದರೆ ಇನ್ನೊಂದು ಮಾತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ತರಬೇತಿಯ ಜೊತೆಗೆ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿನ ಅವಕಾಶವನ್ನು ಅದರಲ್ಲಿ ಇಟ್ಟಿದ್ದಾರೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಅರ್ಹತೆ, ಅರ್ಜಿಯ ವಿವರಗಳನ್ನು ತಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು.

ಈಗ ಕಾಫಿಗೆ ಬೆಲೆ ಇದೆ, ಯಾರೂ ಜಗಲಿಯ ಮೂಲೆ ನೋಡುವ ಅಗತ್ಯವಿಲ್ಲ ಎಂದು ಕೆಲವರು ಅನ್ನಬಹುದು. 2001ಕ್ಕೆ ಮುಂಚೆ ನಾವೂ ಹಾಗೆಯೇ ಅಂದುಕೊಂಡಿದ್ದೆವು. ಬೆಲೆ ಇದ್ದಾಗ ದುರಸ್ತಿ ಮಾಡಿಟ್ಟ ವಸ್ತುವೇ ಬೆಲೆ ಇಲ್ಲದಾಗ ಕೈ ಹಿಡಿಯುವುದು. ನಮ್ಮ ಮನೆಯ ಯಂತ್ರ ಈಗ ಜಗಲಿಯಲ್ಲಿ ಕಿಟಕಿಯ ಬೆಳಕಿಗೆ ಬಂದಿದೆ. ಸಂಜೆ ಅದರ ಸದ್ದು ಕೇಳಿಸುತ್ತದೆ. ತೋಟದ ಆಸ್ತಿ ಪಟ್ಟಿಯಲ್ಲಿ ಅದರ ಹೆಸರನ್ನೂ ಬರೆದಿದ್ದೇವೆ, ಮಾಲೀಕರ ಕಾಲಮಿನಲ್ಲಿ ನಮ್ಮ ಹೆಸರಿಲ್ಲ.

ಕೊನೆಯದಾಗಿ ಒಂದು ಸೂಚನೆ. ಮುಂಗಾರಿಗೆ ಮುಂಚೆ ನಮ್ಮ ಸಂಘದ ಗೋದಾಮಿನಲ್ಲಿ ಸ್ಪ್ರೇಯರ್ ತಪಾಸಣೆ ನಡೆಯುವ ದಿನವೇ ಹೊಲಿಗೆ ಯಂತ್ರಗಳನ್ನೂ ನೋಡುವ ಏರ್ಪಾಡು ಮಾಡಬೇಕೆಂದಿದ್ದೇವೆ. ಇಷ್ಟವಿದ್ದವರು ಕಚೇರಿಯಲ್ಲಿ ಹೆಸರು ಕೊಡಬಹುದು. ಸ್ಟ್ಯಾಂಡ್ ಬೇಡ, ತಲೆಭಾಗ ಸಾಕು, ಬಾಬಿನ್ ಮತ್ತು ಕೇಸ್ ಮರೆಯದೆ ತರಬೇಕು. ಯಂತ್ರವನ್ನು ಬಳಸುವವರೂ ಜೊತೆಯಲ್ಲಿ ಬಂದರೆ ಒಳ್ಳೆಯದು, ಅದರ ಕಾಯಿಲೆ ಅವರಿಗೇ ಗೊತ್ತು. ತೆಂಗಿನೆಣ್ಣೆ ಹಾಕಿದ್ದರೆ ಮುಚ್ಚಿಡದೆ ಹೇಳಬೇಕು. ನಾವು ಹೇಳಿಯಾಗಿದೆ.

— ಕಾರ್ಯದರ್ಶಿ