ನೀರಿಗೂ ಬಗ್ಗದ ಬೆಂಕಿ!
ಪರದೆ ಮೇಲೆ ಬೆಂಕಿ ಬಾಣ ಹಾರಿದ್ರೆ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹೊಡೆದವನು ನಾನು. ಮೊನ್ನೆ ಶೂಟಿಂಗ್‌ನಲ್ಲಿ ಕೈ ಸುಟ್ಟುಕೊಂಡ ಫೈಟರ್ ಗೆಳೆಯನನ್ನು ನೋಡಿ ಬಂದೆ. ಶಿಳ್ಳೆ ಗಂಟಲಲ್ಲೇ ನಿಂತಿತು.

ಅಸಲಿ ಬೆಂಕಿಯ ಕಥೆ ಕೇಳಿ. ಕ್ರಿ.ಶ. 672ರ ಸುಮಾರಿಗೆ ಸಿರಿಯಾದಿಂದ ಓಡಿಬಂದ ಕಲ್ಲಿನಿಕಸ್ ಎಂಬಾತ ಕಾನ್‌ಸ್ಟಾಂಟಿನೋಪಲ್‌ನವರಿಗೆ ‘ಗ್ರೀಕ್ ಬೆಂಕಿ’ ಕೊಟ್ಟ. ಹಡಗಿನ ಮೂತಿಗೆ ಕೊಳವೆ. ಪಂಪು ಒತ್ತಿ ಎಣ್ಣೆಯಂಥ ದ್ರವ ಚಿಮ್ಮಿಸಿದರೆ ಸಮುದ್ರದ ಮೇಲೂ ಧಗಧಗ! ನೀರು ಸುರಿದರೆ ಆರದು, ಮರಳಿನಂಥದ್ದು ಬೇಕು. ಮುತ್ತಿಗೆ ಹಾಕಿದ ಅರಬ್ಬರ ಹಡಗುಗಳು ಬೂದಿಯಾದವು. 941ರಲ್ಲಿ ಕೀವ್ ದೊರೆ ಈಗೊರ್‌ನ ದೋಣಿಗಳಿಗೂ ಅದೇ ಗತಿ. ಉರಿಗಿಂತ ಮುಳುಗೋದೇ ವಾಸಿ ಅಂತ ಸೈನಿಕರು ನೀರಿಗೆ ಹಾರಿದರು.

ಅದರ ಸರಿಯಾದ ಪಾಕ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

“ಸಿಗದಿದ್ದದ್ದೇ ಒಳ್ಳೇದಾಯ್ತು ಬಿಡೋ” ಅಂದ ಗೆಳೆಯ, ಬ್ಯಾಂಡೇಜಿನ ಕೈ ನೋಡುತ್ತಾ.