ಕಸ್ತೂರಿ ಬೆಂಡೆ: ಬೀಜದೊಳಗಿನ ಪರಿಮಳ

ಕಸ್ತೂರಿ ಎಂದೊಡನೆ ನಿಮಗೆ ಹಿಮಾಲಯದ ಕಸ್ತೂರಿ ಮೃಗ ನೆನಪಾಗುತ್ತದೆ. ಆದರೆ ಅದೇ ಬಗೆಯ ಪರಿಮಳವನ್ನು ಬೀಜದಲ್ಲಿ ಅಡಗಿಸಿಕೊಂಡ ಒಂದು ಕಾಡುಗಿಡ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಅದೇ ಕಸ್ತೂರಿ ಬೆಂಡೆ. ಆಯುರ್ವೇದದಲ್ಲಿ ಇದಕ್ಕೆ ಲತಾಕಸ್ತೂರಿ ಎಂದು ಹೆಸರು.

ದಕ್ಷಿಣ ಹಾಗೂ ಆಗ್ನೇಯ ಏಷ್ಯಾದ ಉಷ್ಣವಲಯ ಇದರ ತವರು. ಮೈತುಂಬ ಒರಟು ರೋಮ, ಹಳದಿ ಹೂವು, ಹೂವಿನ ನಡುವೆ ಕಡುಗೆಂಪು ಮಚ್ಚೆ, ಐದು ಮೂಲೆಗಳ ಕಾಯಿ ಇವು ಇದರ ಗುರುತುಗಳು. ಬೀಜ ಮೂತ್ರಪಿಂಡದ ಆಕಾರದ್ದು. ಮೇಲೆ ಸೂಕ್ಷ್ಮ ಗೆರೆಗಳಿರುತ್ತವೆ.

1753ರಲ್ಲಿ ಲಿನೇಯಸ್ ಇದನ್ನು ದಾಸವಾಳದ ಕುಲಕ್ಕೆ, ಅಂದರೆ ಹೈಬಿಸ್ಕಸ್‌ಗೆ ಸೇರಿಸಿದ. ಮುಂದೆ ಇದನ್ನೂ ಬೆಂಡೆಯನ್ನೂ ಅಬೆಲ್ಮಾಸ್ಕಸ್ ಎಂಬ ಬೇರೆ ಕುಲದಲ್ಲಿ ಇರಿಸಲಾಯಿತು. ‘ಕಸ್ತೂರಿಯ ತಂದೆ’ ಎಂಬ ಅರಬ್ಬಿ ಮಾತು ಈ ಹೆಸರಿನ ಮೂಲ. ಎರಡು ಕುಲಗಳ ವ್ಯತ್ಯಾಸವನ್ನು ನೀವೇ ನೋಡಬಹುದು. ದಾಸವಾಳದ ಹೂವು ಬಾಡಿದರೂ ಅದರ ಹಸಿರು ಪುಷ್ಪಪಾತ್ರೆ ಒಡನೆ ಕಳಚುವುದಿಲ್ಲ. ಬೆಂಡೆಯಲ್ಲಾದರೋ ಪುಷ್ಪಪಾತ್ರೆ ಒಂದು ಬದಿಯಲ್ಲಿ ಸೀಳಿ, ದಳಗಳ ಜೊತೆಗೇ ಉದುರಿಬಿಡುತ್ತದೆ.

ಈ ಗಿಡದ ಉಪಯೋಗಗಳು ಹಲವು. ಎಳೆಯ ಎಲೆ, ಕಾಯಿಗಳನ್ನು ಪಲ್ಯಕ್ಕೆ ಬಳಸುವುದುಂಟು. ಕಾಂಡದ ತೊಗಟೆಯಿಂದ ನಾರು ಸಿಗುತ್ತದೆ. ಬೆಂಡೆಯಂತೆ ಇದರಲ್ಲೂ ಲೋಳೆ ಇರುವುದರಿಂದ ಕಬ್ಬಿನ ಹಾಲಿನ ಕಶ್ಮಲ ತೆಗೆಯಲು ಉಪಯೋಗಿಸುತ್ತಾರೆ: ಲೋಳೆ ಕಶ್ಮಲವನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ತೇಲುತ್ತದೆ. ಅರಬ್ಬರು ಬೀಜವನ್ನು ಕಾಫಿಗೆ ಬೆರೆಸುತ್ತಿದ್ದರು. ಬಾಯಿಯ ದುರ್ವಾಸನೆ ಕಳೆಯಲು ಬೀಜ ಅಗಿಯುವ ರೂಢಿಯೂ ಇದೆ.

ಆದರೆ ಇದರ ನಿಜವಾದ ಬೆಲೆ ಇರುವುದು ಸುಗಂಧದಲ್ಲಿ. ಪರಿಮಳದ ಎಣ್ಣೆ ಬೀಜದ ಸಿಪ್ಪೆಯಲ್ಲಿದೆ. ಒಳಗಿನ ತಿರುಳಿನಲ್ಲಿರುವುದು ವಾಸನೆಯಿಲ್ಲದ ಕೊಬ್ಬಿನ ಎಣ್ಣೆ. ಈ ಪರಿಮಳದ ಗುಟ್ಟು ಬಯಲಾದದ್ದು 1920ರ ದಶಕದಲ್ಲಿ. ಆರೆಂಟು ಪರಮಾಣುಗಳಿಗಿಂತ ದೊಡ್ಡ ಇಂಗಾಲದ ಉಂಗುರ ಬಾಳಲಾರದು ಎಂಬುದು ಅಂದಿನ ರಸಾಯನ ವಿಜ್ಞಾನಿಗಳ ನಂಬಿಕೆ. 1926ರಲ್ಲಿ ಲಿಯೊಪೋಲ್ಡ್ ರುಜಿಚ್ಕಾ, ಮೃಗದ ಕಸ್ತೂರಿಯಲ್ಲಿರುವ ಮಸ್ಕೋನ್ ಎಂಬ ವಸ್ತುವಿನಲ್ಲಿ 15 ಇಂಗಾಲಗಳ ಉಂಗುರವಿದೆ ಎಂದು ತೋರಿಸಿದರು. ಮರುವರ್ಷ ಮ್ಯಾಕ್ಸ್ ಕೆರ್ಶ್‌ಬಾಮ್ ಕಸ್ತೂರಿ ಬೆಂಡೆಯ ಎಣ್ಣೆಯಲ್ಲಿ ಆಂಬ್ರೆಟ್ಟೊಲೈಡ್ ಎಂಬ ವಸ್ತುವನ್ನು ಗುರುತಿಸಿದರು. ಅದರಲ್ಲೂ 17 ಪರಮಾಣುಗಳ ಉಂಗುರ! ಪ್ರಾಣಿ ಮತ್ತು ಸಸ್ಯ ಬೇರೆ ಬೇರೆಯಾದರೂ, ಅಣುಗಳ ರೂಪ ಹತ್ತಿರವಾದ್ದರಿಂದ ನಮ್ಮ ಮೂಗಿಗೆ ಒಂದೇ ಬಗೆಯ ವಾಸನೆ.

ಆಂಬ್ರೆಟ್ಟೊಲೈಡ್‌ನ ಅಣುತೂಕ 252; ಮದ್ಯಸಾರದ್ದು ಕೇವಲ 46. ಭಾರವಾದ ಅಣು ನಿಧಾನವಾಗಿ ಆವಿಯಾಗುತ್ತದೆ. ಅತ್ತರಿನ ಇತರ ವಾಸನೆಗಳು ಹಾರಿಹೋದ ಮೇಲೂ ಕಸ್ತೂರಿಯ ಕಂಪು ಉಳಿಯಲು ಇದೇ ಕಾರಣ.

ಇದು ಕೇವಲ ಅತ್ತರಿನ ಮಾತಲ್ಲ. ಗಂಡು ಕಸ್ತೂರಿ ಮೃಗದ ಒಂದು ಚೀಲದಲ್ಲಿ ಸುಮಾರು 25 ಗ್ರಾಂ ಕಸ್ತೂರಿ ಇರುತ್ತದೆ. ಒಂದು ಕಿಲೋಗೆ ಎಷ್ಟು ಗಂಡು ಮೃಗಗಳು ಸಾಯಬೇಕು, ಲೆಕ್ಕ ಹಾಕಿ: ನಲವತ್ತು! ಬೇಟೆಗಾರ ಒಡ್ಡಿದ ಉರುಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಕಸ್ತೂರಿಯೇ ಇಲ್ಲದ ಹೆಣ್ಣುಗಳೂ ಮರಿಗಳೂ ಅದರಲ್ಲಿ ಸಿಕ್ಕಿ ಸಾಯುತ್ತವೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಬೇಟೆಯನ್ನು ನಿಷೇಧಿಸಿದ್ದರೂ ಕಳ್ಳಬೇಟೆ ನಿಂತಿಲ್ಲ.

ಕೃತಕ ಕಸ್ತೂರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. 1888ರಲ್ಲಿ ಆಲ್ಬರ್ಟ್ ಬೌರ್ ಸ್ಫೋಟಕಗಳ ಪ್ರಯೋಗ ನಡೆಸುತ್ತಿದ್ದಾಗ ಅಕಸ್ಮಾತ್ ಅಂಥದೊಂದು ಸಿಕ್ಕಿತು. ಆದರೆ ಆ ಗುಂಪಿನ ಕೆಲವು ವಸ್ತುಗಳು ಬೇಗ ಕೊಳೆಯದೆ ನೀರಿನಲ್ಲೂ ಜೀವಿಗಳ ಕೊಬ್ಬಿನಲ್ಲೂ ಶೇಖರವಾಗುತ್ತವೆಂದು ಮುಂದೆ ತಿಳಿಯಿತು. ಈಗ ಆಂಬ್ರೆಟ್ಟೊಲೈಡ್‌ನಂಥ ದೊಡ್ಡ ಉಂಗುರದ ಅಣುಗಳನ್ನೇ ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ. ದಾರಿ ತೋರಿದ್ದರಲ್ಲಿ ಈ ಗಿಡದ ಪಾಲೂ ಇದೆ.

ಬೀಜ ಸಿಕ್ಕರೆ ಶಾಲೆಯ ತೋಟದಲ್ಲಿ ಬೆಂಡೆಯ ಪಕ್ಕದಲ್ಲೇ ಬಿತ್ತಿ, ಎರಡನ್ನೂ ಹೋಲಿಸಿ ನೋಡಿ. ಬಲಿತ ಬೀಜವನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಕಸ್ತೂರಿ ಹೇಗಿರುತ್ತದೆಂದು ತಿಳಿಯುತ್ತದೆ. ಅದಕ್ಕಾಗಿ ಯಾವ ಮೃಗವೂ ಸಾಯಬೇಕಾಗಿಲ್ಲ.